ತಟ್ಟೆಗೆ ಅಕ್ಕಡಿ ಸಾಲು: ಕೋಲಾರದ ಕಡೆಯ ಮನೆಯೂಟ ಸರಿಮಾಡಿಕೊಳ್ಳುವ ಬಗೆ

ಕಳೆದ ವರ್ಷ ಒಂದು ರಾತ್ರಿ, ಬಿಸಿ ಮುದ್ದೆಯನ್ನು ತಟ್ಟೆ ಸಮೇತ ಅಡುಗೆಮನೆಯ ತಕ್ಕಡಿ ಮೇಲೆ ಇಟ್ಟೆ. ಅತ್ತೆ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. "ಉಣ್ಣೋ ಹಿಟ್ಟನ್ನ ತೂಗ್ತಾರೇನಮ್ಮಾ? ಮನೆಗೆ ಒಳ್ಳೇದಲ್ಲ" ಅಂದರು. ತಟ್ಟೆಯ ತೂಕ ಕಳೆದರೆ 390 ಗ್ರಾಂ. ಸಣ್ಣ ತೆಂಗಿನಕಾಯಿ ಗಾತ್ರದ ಒಂದೇ ಮುದ್ದೆ. ನಮ್ಮೆಜಮಾನ್ರು ಅಂಥದ್ದು ಒಂದೂವರೆ ಉಂಡು, ಮೇಲೆ ಅನ್ನ ಹಾಕಿಸಿಕೊಳ್ಳುತ್ತಿದ್ದರು.

ಆಮೇಲೆ ಇನ್ನೊಂದು ಕೆಲಸ ಮಾಡಿದೆ. ಅವರ ತಟ್ಟೆಗೆ ಬಡಿಸಬೇಕಿದ್ದ ಎರಡು ಸೌಟು ಸಾರನ್ನು ಟೀ ಸೋಸುವ ಜಾಲರಿಗೆ ಸುರಿದೆ. ಕೆಳಗೆ ಘಮಘಮ ನೀರು. ಮೇಲೆ ಉಳಿದದ್ದು ಎರಡು ಚಮಚ ಹುರುಳಿ ಕಾಳು, ನಾಲ್ಕು ಎಳೆ ಸೊಪ್ಪು, ಒಂದು ಟೊಮೆಟೊ ಸಿಪ್ಪೆ.

ಅವರ ಸಕ್ಕರೆ ಕಾಯಿಲೆಗೆ ಎಲ್ಲರೂ ಮುದ್ದೆಯನ್ನೋ ಅನ್ನವನ್ನೋ ಬಯ್ಯುತ್ತಿದ್ದರು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಓಟ್ಸ್, ಬ್ರೊಕೊಲಿ, ಆಲಿವ್ ಎಣ್ಣೆ ಅಂತ ಒಂದು ಚೀಟಿಯನ್ನೂ ಕೊಟ್ಟಿದ್ದರು. ಅದು ಫ್ರಿಜ್ ಬಾಗಿಲ ಮೇಲೆ ಎರಡು ತಿಂಗಳು ಇತ್ತು, ಆಮೇಲೆ ಬಿದ್ದುಹೋಯಿತು. ಆದರೆ ಜಾಲರಿ ನೋಡಿದ ಮೇಲೆ ನನಗೆ ಅನ್ನಿಸಿದ್ದು ಬೇರೆ. ಮುದ್ದೆ ಹಳೇ ಕಾಲದ ಗಾತ್ರದಲ್ಲೇ ಇದೆ. ಅದರ ಪಕ್ಕದಲ್ಲಿ ಇರಬೇಕಾದದ್ದೇ ಇಲ್ಲ.

ನಮ್ಮ ಕಡೆ ರಾಗಿ ಹೊಲದಲ್ಲಿ ಬರೀ ರಾಗಿ ಬೆಳೆಯುತ್ತಿರಲಿಲ್ಲ. ಕೆಲವು ಸಾಲು ರಾಗಿ ಆದಮೇಲೆ ಒಂದು ಅಕ್ಕಡಿ ಸಾಲು. ಅದರಲ್ಲಿ ಅವರೆ, ತೊಗರಿ, ಅಲಸಂದೆ, ಹುಚ್ಚೆಳ್ಳು, ಸಾಸಿವೆ. ಕಳೆ ಕೀಳುವಾಗ ಅಣ್ಣೆ ಸೊಪ್ಪು ಮಡಿಲಿಗೆ. ಅಂದರೆ ಹೊಲದಲ್ಲೇ ಪೂರ್ತಿ ತಟ್ಟೆ ಇತ್ತು: ಹಿಟ್ಟು, ಕಾಳು, ಎಣ್ಣೆ, ಸೊಪ್ಪು. ಆಮೇಲೆ ನೀಲಗಿರಿ ತೋಪು ಬಂತು, ಬೋರ್‌ವೆಲ್ ಬಂತು, ಟೊಮೆಟೊ ಬಂತು. ಅಕ್ಕಡಿ ಹೋಯಿತು. ಊಟದಿಂದಲೂ ಹೋಯಿತು, ಯಾರಿಗೂ ಗೊತ್ತಾಗಲಿಲ್ಲ, ಅಷ್ಟೇ. ಕೆಳಗೆ ಬರೆದಿರುವುದು ಆ ಸಾಲನ್ನು ತಟ್ಟೆಗೆ ವಾಪಸ್ ತರುವ ದಾರಿ. ನಾನು ಡಾಕ್ಟರ್ ಅಲ್ಲ, ಐದು ಜನರಿಗೆ ದಿನಾ ಅಡುಗೆ ಮಾಡುವವಳು.

ಹೆಜ್ಜೆ 1: ಒಂದು ವಾರ ಸುಮ್ನೆ ಬರೆದಿಡಿ

ಮೊದಲ ವಾರ ಏನನ್ನೂ ಬದಲಾಯಿಸಬೇಡಿ. ಒಂದು ನೋಟ್‌ಬುಕ್ಕಿಗೆ ದಾರದಲ್ಲಿ ಪೆನ್ನು ಕಟ್ಟಿ ಅಡುಗೆಮನೆಯಲ್ಲಿ ನೇತುಹಾಕಿ. ತಿಂದದ್ದು ಏನು, ಎಷ್ಟು, ಎಷ್ಟು ಹೊತ್ತಿಗೆ. ಬಸ್ ಸ್ಟ್ಯಾಂಡಿನಲ್ಲಿ ತಿಂದ ಬೋಂಡಾ, ಆಫೀಸಿನಲ್ಲಿ ಯಾರದ್ದೋ ಹುಟ್ಟುಹಬ್ಬದ ಕೇಕು, ಎಲ್ಲ ಬರಬೇಕು. ಅಳತೆ ಗ್ರಾಂ ಲೆಕ್ಕದಲ್ಲಿ ಬೇಡ. ಸೌಟು, ಹಿಡಿ, ಲೋಟ ಸಾಕು.

ವಾರ ಮುಗಿದ ಮೇಲೆ ನಾಲ್ಕೇ ನಾಲ್ಕು ಎಣಿಸಿ. ಸೊಪ್ಪು ತಿಂದದ್ದು ಎಷ್ಟು ದಿನ? ಕಾಳು ಎಷ್ಟು ದಿನ? ಹಣ್ಣು ಎಷ್ಟು ದಿನ? ಟೀ ಎಷ್ಟು? ನಮ್ಮ ಮನೆಯ ಲೆಕ್ಕ ಹೀಗಿತ್ತು: ಸೊಪ್ಪು ಎರಡು ದಿನ, ಕಾಳು ಮೂರು ದಿನ (ಆ ಜಾಲರಿ ಕಾಳೂ ಸೇರಿ), ಹಣ್ಣು ಒಂದು ದಿನ, ಅದೂ ದೇವಸ್ಥಾನದಲ್ಲಿ ಕೊಟ್ಟ ಬಾಳೆಹಣ್ಣು. ಯಜಮಾನರ ಟೀ 31.

ನಾಚಿಕೆ ಪಟ್ಟುಕೊಳ್ಳುವಂಥದ್ದು ಏನಿಲ್ಲ. ಆದರೆ ಈ ಹೆಜ್ಜೆ ಬಿಟ್ಟು ಮುಂದಕ್ಕೆ ಹೋಗಬೇಡಿ. "ನಾವು ದಿನಾ ಸೊಪ್ಪು ತಿಂತೀವಿ" ಅಂತ ನಾನೂ ಎಲ್ಲರ ಹತ್ತಿರ ಹೇಳಿಕೊಂಡು ಬಂದಿದ್ದೆ.

ಹೆಜ್ಜೆ 2: ಎಷ್ಟು ಬೇಕು ಅನ್ನೋದನ್ನು ಹಿಡಿ ಲೆಕ್ಕಕ್ಕೆ ತಂದುಕೊಳ್ಳಿ

ಹೈದರಾಬಾದಿನ ರಾಷ್ಟ್ರೀಯ ಪೋಷಣ ಸಂಸ್ಥೆ 2024ರಲ್ಲಿ ಭಾರತೀಯರಿಗಾಗಿ ಹೊಸ ಆಹಾರ ಸೂಚಿ ತಂದಿತು. ದಿನಕ್ಕೆ 2000 ಕ್ಯಾಲೊರಿ ಬೇಕಾದವರಿಗೆ ಅವರು ಹೇಳುವ ಅಳತೆ: ಧಾನ್ಯ 250 ಗ್ರಾಂ, ತರಕಾರಿ 400 ಗ್ರಾಂ (ಅದರಲ್ಲಿ ಸೊಪ್ಪು 100), ಹಣ್ಣು 100 ಗ್ರಾಂ, ಕಾಳು ಬೇಳೆ ಅಥವಾ ಮೊಟ್ಟೆ ಮಾಂಸ ಸೇರಿ 85 ಗ್ರಾಂ, ಹಾಲು ಮೊಸರು 300 ಮಿಲಿ, ಕಡ್ಲೆಬೀಜ ಎಳ್ಳಿನಂಥವು 35 ಗ್ರಾಂ, ಎಣ್ಣೆ ತುಪ್ಪ 27 ಗ್ರಾಂ. ಧಾನ್ಯ, ಕಾಳು ಎಲ್ಲ ಬೇಯಿಸುವ ಮೊದಲಿನ ತೂಕ.

ಇದನ್ನು ನಾನು ನಮ್ಮ ಅಡುಗೆಮನೆ ಭಾಷೆಗೆ ತಿರುಗಿಸಿಕೊಂಡೆ. ನನ್ನ ಒಂದು ಹಿಡಿ ಒಣ ಕಾಳು ತೂಗಿದರೆ 33 ಗ್ರಾಂ ಬಂತು. ಹಾಗಾದರೆ ಒಬ್ಬರಿಗೆ ದಿನಕ್ಕೆ ಎರಡೂವರೆ ಹಿಡಿ. ಐದು ಜನಕ್ಕೆ ಹನ್ನೆರಡೂವರೆ ಹಿಡಿ! ನಾನು ಇಡೀ ಮನೆಗೆ ಹಾಕುತ್ತಿದ್ದದ್ದು ನಾಲ್ಕು. ಸೊಪ್ಪು ಒಬ್ಬರಿಗೆ ಸಣ್ಣದೊಂದು ಕಟ್ಟು. ಹಣ್ಣು ಅಂದರೆ ಒಂದು ಸೀಬೆ. ಎಣ್ಣೆ ಆರು ಟೀ ಚಮಚ. ಕಡ್ಲೆಬೀಜ ಒಂದು ಹಿಡಿ.

ಬಿಸಿಲಲ್ಲಿ ಗುದ್ದಲಿ ಹಿಡಿಯುವವರಿಗೆ ಇಷ್ಟು ಸಾಲದು. ಕುರ್ಚಿಯಲ್ಲಿ ಕೂತು ಕೆಲಸ ಮಾಡುವವರಿಗೆ ಧಾನ್ಯ ಇನ್ನೂ ಕಮ್ಮಿ ಸಾಕಾಗಬಹುದು. ನಮ್ಮ ಮಾವ ಮೂರು ಮುದ್ದೆ ಉಣ್ಣುತ್ತಿದ್ದರಂತೆ. ಹೌದು, ಆದರೆ ಅವರು ಬಾವಿಯಿಂದ ಕಪಿಲೆ ಹೊಡೆದು ನೀರು ಎತ್ತುತ್ತಿದ್ದರು. ಅವರ ಮಗ, ನಮ್ಮೆಜಮಾನ್ರು, ಸ್ಕೂಟರ್ ಸ್ಟಾರ್ಟ್ ಮಾಡುವುದಕ್ಕೂ ಬಟನ್ ಒತ್ತುತ್ತಾರೆ.

ಹೆಜ್ಜೆ 3: ಮುದ್ದೆ ಬಿಡಬೇಡಿ, ಗಾತ್ರ ಇಳಿಸಿ

100 ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ, 11 ಗ್ರಾಂ ನಾರು ಇದೆ. ಅಷ್ಟೇ ಪಾಲಿಶ್ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಕೂಡ ಇಲ್ಲ, ನಾರು ಮೂರು ಗ್ರಾಂ ಒಳಗೆ. ಹಾಗಾಗಿ ರಾಗಿ ಬಿಟ್ಟು ಓಟ್ಸ್ ಹಿಡಿಯುವ ಅಗತ್ಯ ನಮಗಿಲ್ಲ. ಆದರೆ "ರಾಗಿ ಅಲ್ವಾ, ಶುಗರ್‌ಗೆ ಎಷ್ಟಾದರೂ ಉಣ್ಣಬಹುದು" ಅನ್ನುವುದು ಸುಳ್ಳು. ರಾಗಿಯಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ನಯವಾಗಿ ಬೀಸಿದ ಹಿಟ್ಟಿನ ಗಂಜಿ ಅಂತೂ ಸಕ್ಕರೆಯನ್ನು ಬೇಗ ಏರಿಸುತ್ತದೆ.

ನಮ್ಮ 390 ಗ್ರಾಂ ಮುದ್ದೆಗೆ 130 ಗ್ರಾಂ ಹಿಟ್ಟು ಹಿಡಿಯುತ್ತಿತ್ತು. ಈಗ 75 ಗ್ರಾಂ ಹಿಟ್ಟಿನದು ಮಾಡುತ್ತೇನೆ, ದೊಡ್ಡ ಮೂಸಂಬಿ ಗಾತ್ರ ಬರುತ್ತದೆ. ಒಂದೇ ಸಲ ಇಳಿಸಿದರೆ ಜಗಳ. ನಾನು ವಾರಕ್ಕೆ ಸ್ವಲ್ಪ ಸ್ವಲ್ಪ, ಒಂದೂವರೆ ತಿಂಗಳಲ್ಲಿ ಇಳಿಸಿದೆ. ಅದಕ್ಕೆ ಒಂದು ಉಪಾಯ ಇದೆ. ಕೈಯಲ್ಲಿ ಕಟ್ಟಿದರೆ ಅಭ್ಯಾಸಬಲದಿಂದ ಮುದ್ದೆ ದೊಡ್ಡದಾಗೇ ಆಗುತ್ತದೆ. ಒಂದು ಸ್ಟೀಲ್ ಬಟ್ಟಲಿಗೆ ನೀರು ಸವರಿ, ತಿರುವಿದ ಹಿಟ್ಟನ್ನು ಅದರ ತುಂಬ ಹಾಕಿ, ಗುಂಡಗೆ ಕುಲುಕಿ ತಟ್ಟೆಗೆ ಮಗುಚಿ. ಎಲ್ಲ ಒಂದೇ ಅಳತೆ, ಕೈಯೂ ಸುಡುವುದಿಲ್ಲ. ಅತ್ತೆ ಇದನ್ನು ಇವತ್ತಿಗೂ ಒಪ್ಪಿಲ್ಲ. ಅವರ ಮುದ್ದೆ ಅವರೇ ಕಟ್ಟಿಕೊಳ್ಳುತ್ತಾರೆ.

ಹಿಟ್ಟನ್ನು ವಸ್ತ್ರಗಾಳಿ ಹಿಡಿಯಬೇಡಿ. ಬೆಳ್ಳಗೆ ಕಾಣಲಿ ಅಂತ ಜರಡಿಯಲ್ಲಿ ಉಳಿದ ಹೊಟ್ಟನ್ನು ಹಸುವಿಗೆ ಹಾಕಿದರೆ ನಾರು ಹಸುವಿನ ಪಾಲಾಗುತ್ತದೆ. ರಾಗಿ ತಂದು, ಕಲ್ಲು ಆರಿಸಿ, ತೊಳೆದು ಒಣಗಿಸಿ, ಹದಿನೈದು ದಿನಕ್ಕೆ ಆಗುವಷ್ಟು ಮಾತ್ರ ಮಿಲ್ಲಿಗೆ ಹಾಕಿಸಿ. ಕಾಳಾಗಿದ್ದರೆ ರಾಗಿ ವರ್ಷಗಟ್ಟಲೆ ಕೆಡುವುದಿಲ್ಲ. ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಇಟ್ಟು ಬರಗಾಲ ದಾಟಿದವರು ನಮ್ಮ ಹಿರಿಯರು. ಹಿಟ್ಟಾದ ಮೇಲೆ ಅಷ್ಟು ದಿನ ತಡೆಯುವುದಿಲ್ಲ, ಕಹಿಯಾಗುತ್ತದೆ.

ಮುದ್ದೆ ಆದಮೇಲೆ ಅನ್ನ? ಒಂದು ಹಿಡಿ, ಮೊಸರು ಕಲಸಿಕೊಳ್ಳುವುದಕ್ಕೆ. ಅಷ್ಟೂ ಇಲ್ಲದಿದ್ದರೆ ಊಟ ಮುಗಿದ ಹಾಗೇ ಅನ್ನಿಸುವುದಿಲ್ಲ ನಮ್ಮವರಿಗೆ.

ಹೆಜ್ಜೆ 4: ಕಾಳು. ಇಲ್ಲೇ ಇರುವುದು ಅಸಲಿ ಕೆಲಸ

ಕಾಳು ಯಾಕೆ ಕಮ್ಮಿಯಾಗುತ್ತದೆ? ದುಡ್ಡಿಗಿಂತ ಮರೆವು ಕಾರಣ. ಬೆಳಿಗ್ಗೆ ಎದ್ದು "ಅಯ್ಯೋ, ನೆನೆಹಾಕಿಲ್ಲ" ಅಂದುಕೊಂಡು ಟೊಮೆಟೊ ಸಾರು ಮಾಡುತ್ತೇವೆ. ಕೋಲಾರದಲ್ಲಿ ಟೊಮೆಟೊಗೇನು ಬರ. ಬೆಲೆ ಬಿದ್ದ ದಿನ ರಸ್ತೆ ಪಕ್ಕ ಸುರಿದು ಹೋಗಿರುತ್ತಾರೆ. ನೋಡಿದರೆ ಹೊಟ್ಟೆ ಉರಿಯುತ್ತದೆ. ಆದರೆ ಟೊಮೆಟೊ ಸಾರು ರುಚಿ ಕೊಡುತ್ತದೆ, ಪ್ರೋಟೀನ್ ಕೊಡುವುದಿಲ್ಲ.

ಅದಕ್ಕೆ ವಾರಕ್ಕೆ ಒಂದೇ ದಿನ ಕೂತು ಕಾಳಿನ ಕೆಲಸ ಮುಗಿಸಿಕೊಳ್ಳಿ. ನಾನು ಶನಿವಾರ ರಾತ್ರಿ ಮೂರು ಪಾತ್ರೆ ಇಡುತ್ತೇನೆ. ಒಂದರಲ್ಲಿ ಹುರುಳಿ, ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ಅಲಸಂದೆಯೋ ಕಡಲೆಯೋ. ಭಾನುವಾರ ಬೆಳಿಗ್ಗೆ ನೀರು ಚೆಲ್ಲಿ, ಎರಡು ಸಲ ತೊಳೆದು, ಹುರುಳಿ ಮತ್ತು ಹೆಸರನ್ನು ಬೇರೆ ಬೇರೆ ಹತ್ತಿ ಬಟ್ಟೆಯಲ್ಲಿ ಗಂಟು ಕಟ್ಟಿ ಜಾಲರಿ ಬುಟ್ಟಿಯಲ್ಲಿ ಇಡುತ್ತೇನೆ. ಬಟ್ಟೆ ಒಣಗದ ಹಾಗೆ ಆಗಾಗ ನೀರು ಚಿಮುಕಿಸಬೇಕು. ಹೆಸರು ಭಾನುವಾರ ರಾತ್ರಿಗೇ ಮೊಳಕೆ ಬರುತ್ತದೆ. ಹುರುಳಿಗೆ ಇನ್ನೂ ಒಂದು ದಿನ, ಚಳಿಗಾಲದಲ್ಲಿ ಎರಡು. ಮೊಳಕೆ ಅರ್ಧ ಇಂಚು ಬಂದರೆ ಸಾಕು, ಡಬ್ಬಿಗೆ ತುಂಬಿ ಫ್ರಿಜ್ಜಿಗೆ ಹಾಕಿ. ಮೂರು ನಾಲ್ಕು ದಿನದಲ್ಲಿ ಮುಗಿಸಿಬಿಡಿ. ಲೋಳೆ ಬಂದರೆ, ವಾಸನೆ ಬಂದರೆ ಎಸೆಯಿರಿ. ಮಕ್ಕಳಿಗೂ ಬಸುರಿಯರಿಗೂ ಮೊಳಕೆ ಕಾಳನ್ನು ಹಸಿಯಾಗಿ ಕೊಡಬೇಡಿ, ಬೇಯಿಸಿಯೇ ಕೊಡಿ.

ಮೊಳಕೆ ಬರಿಸುವುದರಿಂದ ಏನು ಲಾಭ? ಕಾಳಿನಲ್ಲಿ ಕಬ್ಬಿಣ, ಸತು ಎಲ್ಲವನ್ನೂ ಹಿಡಿದಿಟ್ಟುಕೊಳ್ಳುವ ಫೈಟೇಟ್ ಅನ್ನುವ ಅಂಶ ಇದೆ. ನೆನೆದು ಮೊಳೆತಾಗ ಅದು ಇಳಿಯುತ್ತದೆ, ಆಗ ಕಬ್ಬಿಣ ಮೈಗೆ ಹತ್ತುವುದು ಸುಲಭ. ಹೊಟ್ಟೆ ಉಬ್ಬರವೂ ಕಮ್ಮಿ.

ಇನ್ನು ಬಸ್ಸಾರು. ನನ್ನ ಪ್ರಕಾರ ನಮ್ಮ ಕಡೆಯ ಅಡುಗೆಯಲ್ಲಿ ಇದಕ್ಕಿಂತ ಜಾಣ ಅಡುಗೆ ಇನ್ನೊಂದಿಲ್ಲ. ಒಂದೇ ಪಾತ್ರೆಯಲ್ಲಿ ಕಾಳು ಬೇಯಿಸಿ, ಅರೆಬೆಂದ ಮೇಲೆ ಸೊಪ್ಪು ಹಾಕಿ, ಬೆಂದ ಮೇಲೆ ಕಟ್ಟು (ಬೆಂದ ನೀರು) ಬಸಿಯುತ್ತೇವೆ. ಬೆಂದದ್ದರಲ್ಲಿ ಒಂದು ಹಿಡಿ ತೆಗೆದು ಒಣಮೆಣಸಿನಕಾಯಿ, ಬೆಳ್ಳುಳ್ಳಿ, ಜೀರಿಗೆ, ಮೆಣಸು, ಹುಣಸೆ, ಸುಟ್ಟ ಈರುಳ್ಳಿ, ಚೂರು ಕಾಯಿ ಸೇರಿಸಿ ರುಬ್ಬಿ, ಆ ಕಟ್ಟಿಗೆ ಹಾಕಿ ಕುದಿಸಿದರೆ ಸಾರು. ಉಳಿದದ್ದಕ್ಕೆ ಒಗ್ಗರಣೆ ಹಾಕಿದರೆ ಪಲ್ಯ. ಬೆಂದ ನೀರಿಗೆ ಇಳಿದ ಸತ್ವವೂ ವ್ಯರ್ಥವಾಗಲಿಲ್ಲ.

ನಾವು ತಪ್ಪು ಮಾಡುವುದು ಬಡಿಸುವಾಗ. ಸಾರು ಎರಡು ಸೌಟು, ಪಲ್ಯ ತಟ್ಟೆ ಅಂಚಿಗೆ ಉಪ್ಪಿನಕಾಯಿ ತರ ಒಂದು ಚಮಚ. ಕಾಳೂ ಸೊಪ್ಪೂ ಇರುವುದೆಲ್ಲ ಆ ಪಲ್ಯದಲ್ಲೇ! ಹಾಗಾಗಿ ನಮ್ಮ ಮನೆಯಲ್ಲಿ ಈಗ ಬಡಿಸುವ ಕ್ರಮ ಬದಲಾಗಿದೆ. ಮೊದಲು ಪಲ್ಯ, ಮುದ್ದೆಯ ಅಳತೆಗೆ ಸಮ. ಆಮೇಲೆ ಮುದ್ದೆ. ಕೊನೆಗೆ ಸಾರು. ಮೊದಲ ನಾಲ್ಕು ತುತ್ತು ಪಲ್ಯವನ್ನೇ ತಿನ್ನಿ ಅಂತ ಯಜಮಾನರಿಗೆ ಹೇಳಿದ್ದೇನೆ. ಸೊಪ್ಪು, ಕಾಳು ಮೊದಲು ಹೊಟ್ಟೆಗೆ ಹೋದರೆ ಊಟದ ನಂತರ ಸಕ್ಕರೆ ಏರುವುದು ನಿಧಾನವಾಗುತ್ತದೆ. ಎಷ್ಟು ಅಂತ ನೋಡಬೇಕಾದರೆ ಮನೆಯಲ್ಲಿ ಗ್ಲೂಕೋಮೀಟರ್ ಇರುವವರು ಊಟ ಶುರುಮಾಡಿ ಎರಡು ಗಂಟೆ ಆದಮೇಲೆ ಒಂದು ಸಲ ಪರೀಕ್ಷಿಸಿ ನೋಡಿ, ಬೇರೆ ಬೇರೆ ಊಟಕ್ಕೆ. ಯಾರ ಮಾತನ್ನೂ ನಂಬಬೇಕಾಗಿಲ್ಲ.

ಪ್ರೋಟೀನ್ ಲೆಕ್ಕ ಒಂದು ಸಲ ಮಾಡಿಬಿಡೋಣ. ದೊಡ್ಡವರಿಗೆ ಮೈತೂಕದ ಪ್ರತಿ ಕಿಲೋಗೆ 0.83 ಗ್ರಾಂ ಬೇಕು. ನಮ್ಮವರು 68 ಕಿಲೋ, ಅಂದರೆ 56 ಗ್ರಾಂ. ಹಳೇ ಲೆಕ್ಕದಲ್ಲಿ 200 ಗ್ರಾಂ ರಾಗಿಯಿಂದ 14, ಅಕ್ಕಿಯಿಂದ 12, ಟೀಗೆ ಹಾಕಿದ ಹಾಲಿನಿಂದ 6, ಆ ಎರಡು ಸೌಟಿನ ಕಾಳಿನಿಂದ 5. ಒಟ್ಟು 37. ಈಗ 150 ಗ್ರಾಂ ರಾಗಿಯಿಂದ 11, ಅಕ್ಕಿ, ರವೆಯಿಂದ 8, ಎರಡೂ ಕಾಲು ಹಿಡಿ ಕಾಳಿನಿಂದ 16, ಹಾಲು ಮೊಸರಿನಿಂದ 10, ಒಂದು ಹಿಡಿ ಕಡ್ಲೆಬೀಜದಿಂದ 7. ಅಲ್ಲಿಗೆ 52. ಒಂದು ಮೊಟ್ಟೆ ತಿಂದ ದಿನ 58. ಪ್ರೋಟೀನ್ ಪೌಡರ್ ಡಬ್ಬಿ ತರಲಿಲ್ಲ.

ಭಾನುವಾರದ ಬಾಡೂಟ ಬೇಡ ಅನ್ನುವುದಿಲ್ಲ. ಆದರೆ ಒಂದೇ ದಿನ ಅರ್ಧ ಕಿಲೋ ತಿಂದು ಆರು ದಿನ ಟೊಮೆಟೊ ಸಾರು ಉಣ್ಣುವುದಕ್ಕಿಂತ ವಾರದ ನಡುವೆ ಮೂರು ದಿನ ಮೊಟ್ಟೆ ಹಾಕಿಕೊಳ್ಳುವುದು ಮೇಲು. ಬಾಡಿನ ಸಾರಿಗೂ ಹಿತಕಿದ ಬೇಳೆ ಹಾಕುವ ರೂಢಿ ನಮ್ಮಲ್ಲಿ ಇದೆಯಲ್ಲ, ಅದನ್ನು ಬಿಡಬೇಡಿ. ಡಿಸೆಂಬರ್ ಜನವರಿಯಲ್ಲಿ ಸೊಗಡಿನ ಅವರೆ ಬಂದಾಗ ಮನೆಮಂದಿಯೆಲ್ಲ ಟಿವಿ ಮುಂದೆ ಕೂತು ಸುಲಿದು, ಕಾಳನ್ನು ಡಬ್ಬಿಗಳಲ್ಲಿ ಫ್ರೀಜರ್‌ಗೆ ಹಾಕಿಡಿ. ಯುಗಾದಿವರೆಗೂ ಬರುತ್ತದೆ.

ಹೆಜ್ಜೆ 5: ಸೊಪ್ಪು

ಪಾಲಕ್ ಒಂದೇ ಸೊಪ್ಪಲ್ಲ. ನಮ್ಮ ಸಂತೆಯಲ್ಲಿ ದಂಟು, ಹರಿವೆ, ಕೀರೆ, ಸಬ್ಬಸಿಗೆ, ಮೆಂತ್ಯ, ನುಗ್ಗೆ, ಹೊನಗೊನ್ನೆ ಸಿಗುತ್ತವೆ. ಮಳೆ ಬಿದ್ದ ಮೇಲೆ ಹಳ್ಳಿ ಕಡೆಯ ಅಜ್ಜಿಯರು ಬೆರಕೆ ಸೊಪ್ಪು ತರುತ್ತಾರೆ. ಅಣ್ಣೆ, ಗೋಣಿ, ಕಾಶಿ ಸೊಪ್ಪು ಹೀಗೆ ಏಳೆಂಟು ಬಗೆ ಒಟ್ಟಿಗೆ. ಕಂಡರೆ ಬಿಡಬೇಡಿ. ಬೆರಕೆ ಸೊಪ್ಪಿನ ಮಸೊಪ್ಪಿಗೆ ಸಮ ಇನ್ನೊಂದಿಲ್ಲ. ಆದರೆ ಎಲ್ಲಿ ಕಿತ್ತದ್ದು ಅಂತ ಕೇಳಿ. ಟೊಮೆಟೊ ತೋಟದ ಬದುವಿನಲ್ಲಿ ಔಷಧಿ ಹೊಡೆದಿರುತ್ತಾರೆ, ಚರಂಡಿ ಪಕ್ಕದ್ದೂ ಬೇಡ. ನೀವೇ ಕೀಳುವುದಾದರೆ ಗೊತ್ತಿರುವವರ ಜೊತೆ ಹೋಗಿ.

ನುಗ್ಗೆ ಸೊಪ್ಪು ಮಾತ್ರ ಪ್ರತಿ ವಾರ ಒಂದು ಸಲ ಆಗಲೇಬೇಕು ಅಂತ ನನ್ನ ಹಟ. ಕ್ಯಾಲ್ಸಿಯಂ, ಎ ವಿಟಮಿನ್ ಎರಡೂ ಹೇರಳ. ಬಿಡಿಸುವುದೇ ಕಷ್ಟ. ರಾತ್ರಿ ಕೊಂಬೆಗಳನ್ನು ಪೇಪರಿನಲ್ಲಿ ಬಿಗಿಯಾಗಿ ಸುತ್ತಿಡಿ. ಬೆಳಿಗ್ಗೆ ಕೊಡವಿದರೆ ಅರ್ಧ ಎಲೆ ತಾನೇ ಉದುರಿರುತ್ತದೆ.

ಸೊಪ್ಪು ತೊಳೆದು ಆಮೇಲೆ ಹೆಚ್ಚಿ, ಹೆಚ್ಚಿ ತೊಳೆಯಬೇಡಿ. ಒಲೆ ಆರಿಸಿದ ಮೇಲೆ ನಿಂಬೆ ಹಿಂಡಿ. ಇದು ರುಚಿಗೆ ಮಾತ್ರ ಅಲ್ಲ. ಸೊಪ್ಪು, ಕಾಳಿನಲ್ಲಿರುವ ಕಬ್ಬಿಣ ಮೈಗೆ ಹತ್ತಬೇಕಾದರೆ ಸಿ ವಿಟಮಿನ್ ಜೊತೆಗಿರಬೇಕು. ನಿಂಬೆ, ಸೀಬೆ, ನೆಲ್ಲಿಕಾಯಿ ಯಾವುದಾದರೂ ಆಗುತ್ತದೆ. ಇದಕ್ಕೆ ಉಲ್ಟಾ ಕೆಲಸ ಮಾಡುವುದು ಟೀ, ಕಾಫಿ. ಊಟ ಆದ ತಕ್ಷಣ ಟೀ ಕುಡಿದರೆ ಸೊಪ್ಪಿನ ಕಬ್ಬಿಣ ಸಾಕಷ್ಟು ಮೈಗೆ ಸೇರದೆ ಹೊರಗೆ ಹೋಗುತ್ತದೆ. ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇರಲಿ. ನಮ್ಮ ರಾಜ್ಯದಲ್ಲಿ ಸುಮಾರು ಅರ್ಧದಷ್ಟು ಹೆಂಗಸರಿಗೆ ರಕ್ತ ಕಮ್ಮಿ ಅಂತ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯೇ ಹೇಳುತ್ತದೆ. ಎಲ್ಲರಿಗೂ ಬಡಿಸಿ ತಳದಲ್ಲಿ ಉಳಿದ ಸಾರಿಗೆ ಮುದ್ದೆ ಅದ್ದಿ ಉಣ್ಣುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ? ನಿಮ್ಮ ಪಾಲಿನ ಪಲ್ಯವನ್ನು ಮೊದಲೇ ಒಂದು ಬಟ್ಟಲಿಗೆ ಎತ್ತಿಟ್ಟುಕೊಳ್ಳಿ. ನಾನು ಹಾಗೇ ಮಾಡುತ್ತೇನೆ.

ಹೆಜ್ಜೆ 6: ತಿಂಡಿ

ಉಪ್ಪಿಟ್ಟು, ಚಿತ್ರಾನ್ನ, ಪುಳಿಯೋಗರೆ ಮೂರೂ ಮೂಲದಲ್ಲಿ ಒಂದೇ: ಪಿಷ್ಟ ಮತ್ತು ಎಣ್ಣೆ. ಬಿಡಬೇಕಾಗಿಲ್ಲ. ರವೆಯಷ್ಟೇ ಅಳತೆಯ ತರಕಾರಿ, ಕಾಳು ಬೆರೆಸಿ. ಚಿತ್ರಾನ್ನಕ್ಕೆ ಕಡ್ಲೆಬೀಜ ಧಾರಾಳವಾಗಿ ಹಾಕಿ, ಬೇಯಿಸಿದ ಮೊಳಕೆ ಹೆಸರು ಪಕ್ಕಕ್ಕೆ. ದೋಸೆ ಇಡ್ಲಿಗೆ ಕಾಯಿಚಟ್ನಿ ಬದಲು ವಾರಕ್ಕೆರಡು ಸಲ ಹುಚ್ಚೆಳ್ಳು ಚಟ್ನಿಪುಡಿ ಅಥವಾ ಕಡ್ಲೆಬೀಜದ ಚಟ್ನಿ.

ಮಕ್ಕಳಿಗೆ ರಾಗಿ ಹುರಿಹಿಟ್ಟು ಒಳ್ಳೆಯದು. 2024ರಲ್ಲಿ ಸರ್ಕಾರಿ ಶಾಲೆಗಳಲ್ಲೂ ಹಾಲಿನ ಜೊತೆ ರಾಗಿ ಮಾಲ್ಟ್ ಕೊಡಲು ಶುರುಮಾಡಿದರು. ಮನೆಯಲ್ಲಿ ಮಾಡುವಾಗ ಬೆಲ್ಲ ಕಮ್ಮಿ ಮಾಡಿ.

ಹೆಜ್ಜೆ 7: ಟೀ ಲೆಕ್ಕ

ವಾರಕ್ಕೆ 31 ಟೀ ಅಂದೆನಲ್ಲ. ಒಂದಕ್ಕೆ ಎರಡು ಚಮಚ ಸಕ್ಕರೆ, ಅಂದರೆ 10 ಗ್ರಾಂ. ದಿನಕ್ಕೆ ನಾಲ್ಕು ಟೀ ಅಂದರೆ 40ರ ಮೇಲೆ. ದಿನಕ್ಕೆ 25 ಗ್ರಾಂ ದಾಟಬಾರದು ಅನ್ನುತ್ತಾರೆ. ಇದು ಬರೀ ಟೀಯಲ್ಲೇ ಹೋಯಿತು. ಸಕ್ಕರೆ ಕಾಯಿಲೆ ಇದ್ದವರು ಹೀಗೆ ಕುಡಿಯುತ್ತಿದ್ದರು ಅಂದರೆ ನಂಬುತ್ತೀರಾ? "ಮನೇಲಿ ಹಾಕ್ಕೊಳಲ್ವಲ್ಲ" ಅನ್ನುವುದು ಉತ್ತರ. ಹೊರಗಡೆ ಅಂಗಡಿಯಲ್ಲಿ ಮೊದಲೇ ಬೆರೆಸಿಟ್ಟಿರುತ್ತಾರೆ.

ಬೆಲ್ಲಕ್ಕೆ ಬದಲಾಯಿಸಿದರೆ ಏನೂ ಉಪಯೋಗವಿಲ್ಲ, ಮೈಗೆ ಎರಡೂ ಒಂದೇ ಲೆಕ್ಕ. ನಾವು ಮಾಡಿದ್ದು: ದಿನಕ್ಕೆ ಎರಡೇ ಟೀ, ಎರಡೂ ಮನೆಯದು, ಸಕ್ಕರೆ ಇಲ್ಲ. ನಾಲಿಗೆ ಒಗ್ಗುವುದಕ್ಕೆ ಮೂರು ವಾರ ಹಿಡಿಯಿತು. ಆಫೀಸಿನಲ್ಲಿ ಟೀ ಹೊತ್ತಿಗೆ ಮಜ್ಜಿಗೆ ಬಾಟಲಿ.

ಸಂಜೆಯ ಬೇಕರಿ ಪಫ್ಸ್, ಖಾರಾಬನ್ನಿನ ಜಾಗಕ್ಕೆ ಬೇಯಿಸಿದ ಕಡ್ಲೆಕಾಯಿಯೋ ಹುರಿದ ಕಡಲೆಯೋ ಮನೆಯಲ್ಲಿ ಸಿದ್ಧ ಇರಬೇಕು. ಹಸಿದು ಬಂದ ಮಗುವಿಗೆ ಬುದ್ಧಿ ಹೇಳಿದರೆ ಕೇಳುವುದಿಲ್ಲ, ಕೈಗೆ ಏನು ಸಿಗುತ್ತದೋ ಅದನ್ನೇ ತಿನ್ನುತ್ತದೆ.

ಹಣ್ಣಿನ ವಿಷಯ ಒಂದು ಮಾತು. ಶ್ರೀನಿವಾಸಪುರದ ಮಾವು ಬಂದಾಗ ಬೇಡ ಅನ್ನಲು ನನಗೆ ಬಾಯಿ ಬರುವುದಿಲ್ಲ. ಸಕ್ಕರೆ ಕಾಯಿಲೆ ಇದ್ದವರು ಊಟದ ಮೇಲೆ ತಿನ್ನುವ ಬದಲು ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಎರಡು ಹೋಳು, ಹಿಡಿ ಕಡ್ಲೆಬೀಜದ ಜೊತೆ. ಸೀಕರಣೆ ಬೇಡ.

ಹೆಜ್ಜೆ 8: ಎಣ್ಣೆ, ಉಪ್ಪು

ಎಣ್ಣೆಗೆ ಸುಲಭ ದಾರಿ ತಿಂಗಳ ಲೆಕ್ಕ. ನಾಲ್ಕು ಜನ ದೊಡ್ಡವರಿರುವ ಮನೆಗೆ ತುಪ್ಪ ಸೇರಿ ಮೂರೂವರೆ ಲೀಟರ್ ಒಳಗೆ. ಒಂದನೇ ತಾರೀಕು ಅಷ್ಟನ್ನೇ ತನ್ನಿ, ಮುಗಿದರೆ ಮುಗಿಯಿತು. ಕರಿದ ಎಣ್ಣೆಯನ್ನು ಮತ್ತೆ ಮತ್ತೆ ಕಾಯಿಸಬೇಡಿ. ಉಪ್ಪು ಒಬ್ಬರಿಗೆ ದಿನಕ್ಕೆ ಒಂದು ಟೀ ಚಮಚ, ಮಟ್ಟಸವಾಗಿ, ಉಪ್ಪಿನಕಾಯಿ, ಹಪ್ಪಳ, ಮಿಕ್ಸ್ಚರ್ ಎಲ್ಲ ಸೇರಿ. ಉಪ್ಸಾರು ಇಷ್ಟಪಡುವ ನಮಗೆ ಇದು ಕಷ್ಟವೇ. ಖಾರ ಹಾಗೇ ಇರಲಿ, ಉಪ್ಪು ಇಳಿಸಿ ಹುಳಿ ಸ್ವಲ್ಪ ಏರಿಸಿ. ತಟ್ಟೆಗೆ ಉಪ್ಪು ಬಡಿಸುವುದು ನಿಲ್ಲಿಸಿ.

ಹೆಜ್ಜೆ 9: ನೀರು

ಬೇರೆ ಊರಿನವರು ಬರೆದ ಆಹಾರದ ಪಟ್ಟಿಗಳಲ್ಲಿ ಇದು ಇರುವುದಿಲ್ಲ. ನಮ್ಮ ಕೋಲಾರ, ಬಾಗೇಪಲ್ಲಿ, ಪಾವಗಡದ ಕಡೆ ಇದು ಇಲ್ಲದೆ ಆಗುವುದಿಲ್ಲ. ಆಳದ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಒಳಗೆ ಇರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಬೆಳೆಯುವ ಮಕ್ಕಳ ಹಲ್ಲಿನ ಮೇಲೆ ಹಳದಿ ಕಂದು ಪಟ್ಟೆ, ದೊಡ್ಡವರಿಗೆ ಮೂಳೆ ಕೀಲು ಬಿಗಿತ. ನಮ್ಮ ಅತ್ತೆಯ ಓರಗೆಯವರಲ್ಲಿ ಬೆನ್ನು ಬಗ್ಗಿಸಲಾರದವರು ಎಷ್ಟೋ ಜನ.

ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಉಳಿದದ್ದು ಇನ್ನೂ ಗಟ್ಟಿಯಾಗುತ್ತದೆ. ಕುಡಿಯುವುದಕ್ಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಅಡುಗೆಗೆ ಮಾತ್ರ ಬೋರ್ ನೀರು ಹಾಕುವ ಮನೆಗಳು ತುಂಬಾ ಇವೆ. ನಾವೂ ಹಾಗೇ ಮಾಡುತ್ತಿದ್ದೆವು. ಯೋಚಿಸಿ ನೋಡಿ, ಮುದ್ದೆ 390 ಗ್ರಾಂ ತೂಗಿದ್ದರಲ್ಲಿ 260 ಗ್ರಾಂ ನೀರೇ. ಅನ್ನ, ಕಾಳು, ಸಾರು ಎಲ್ಲವೂ ನೀರನ್ನು ಕುಡಿದೇ ಬೇಯುವುದು. ಕಾಳು ನೆನೆಹಾಕುವುದಕ್ಕೆ, ಎಸರಿಗೆ, ಸಾರಿಗೆ ಕ್ಯಾನ್ ನೀರೇ ಬಳಸಿ. ತೊಳೆಯುವುದಕ್ಕೆ ಬೋರ್ ನೀರು ಸಾಕು.

ಘಟಕದ ನೀರು ಅಂತ ಕಣ್ಣು ಮುಚ್ಚಿ ನಂಬಬೇಡಿ. ನಮ್ಮ ಹತ್ತಿರದ ಒಂದು ಘಟಕದಲ್ಲಿ ತಿಂಗಳುಗಟ್ಟಲೆ ಫಿಲ್ಟರ್ ಬದಲಾಯಿಸಿರಲಿಲ್ಲ. ನೀರು ಸಪ್ಪೆಯಿಂದ ಗಡಸಿಗೆ ತಿರುಗಿದಾಗ ಗೊತ್ತಾಯಿತು. ವರ್ಷಕ್ಕೆ ಒಂದು ಸಲವಾದರೂ ಮನೆಯ ನೀರನ್ನೂ ಘಟಕದ ನೀರನ್ನೂ ಬೇರೆ ಬೇರೆ ಬಾಟಲಿಯಲ್ಲಿ ತುಂಬಿ ನೀರು ಪರೀಕ್ಷಿಸುವ ಲ್ಯಾಬಿಗೆ ಕೊಡಿ. ಊಟದಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೆ ಹೊಟ್ಟೆಯಲ್ಲೇ ಫ್ಲೋರೈಡನ್ನು ಒಂದಿಷ್ಟು ತಡೆಯುತ್ತದೆ. ರಾಗಿ, ಮೊಸರು, ನುಗ್ಗೆ ಸೊಪ್ಪು ಇಲ್ಲಿಯೂ ಕೆಲಸಕ್ಕೆ ಬರುತ್ತವೆ. ಆದರೆ ಕೆಟ್ಟ ನೀರಿಗೆ ಅದೇ ಔಷಧಿ ಅಂದುಕೊಳ್ಳಬೇಡಿ.

ಮಾತ್ರೆ ತೆಗೆದುಕೊಳ್ಳುವವರು ಇದನ್ನು ಓದಿ

ಸಕ್ಕರೆ ಮಾತ್ರೆ ಅಥವಾ ಇನ್ಸುಲಿನ್ ಇದ್ದವರು ಮುದ್ದೆ, ಅನ್ನ ಏಕಾಏಕಿ ಅರ್ಧಕ್ಕೆ ಇಳಿಸಿದರೆ ಸಕ್ಕರೆ ಅಂಶ ಕುಸಿಯಬಹುದು. ಬೆವರು, ನಡುಕ, ಕಣ್ಣು ಕತ್ತಲೆ ಬಂದರೆ ತಕ್ಷಣ ಸಕ್ಕರೆ ತಿನ್ನಬೇಕು. ಡಾಕ್ಟರಿಗೆ ಮೊದಲೇ ಹೇಳಿ, ಮಾತ್ರೆಯ ಅಳತೆ ಬದಲಾಯಿಸಬೇಕಾಗಬಹುದು. ಕಿಡ್ನಿ ತೊಂದರೆ ಇದ್ದವರಿಗೆ ಕಾಳು, ಸೊಪ್ಪು, ಹಣ್ಣಿನ ಲೆಕ್ಕವೇ ಬೇರೆ. ಮೇಲಿನ ಅಳತೆ ಅವರಿಗಲ್ಲ. ಕಬ್ಬಿಣದ ಮಾತ್ರೆಯನ್ನು ಹಾಲು, ರಾಗಿ ಗಂಜಿ, ಟೀ ಜೊತೆ ನುಂಗಬೇಡಿ. ಬಸುರಿಯರಿಗೆ ಕೊಡುವ ಕಬ್ಬಿಣದ್ದು, ಕ್ಯಾಲ್ಸಿಯಂದು ಎರಡನ್ನೂ ಬೇರೆ ಬೇರೆ ಹೊತ್ತಿಗೆ ತೆಗೆದುಕೊಳ್ಳಬೇಕು. ಥೈರಾಯ್ಡ್ ಮಾತ್ರೆ ಬೆಳಿಗ್ಗೆ ಖಾಲಿ ಹೊಟ್ಟೆಗೆ, ಅದಾದ ಮೇಲೆ ತಿಂಡಿಗೆ ಅರ್ಧದಿಂದ ಒಂದು ಗಂಟೆ ಬಿಡಿ.

ನಮ್ಮ ಮನೆಯ ಒಂದು ವಾರ

ಭಾನುವಾರ ಬಾಡೂಟ ಅಥವಾ ಅಲಸಂದೆ ಸಾರು. ಸೋಮವಾರ ಮೊಳಕೆ ಹೆಸರಿನ ಸಾರು, ಬೀನ್ಸ್ ಪಲ್ಯ. ಮಂಗಳವಾರ ಹುರುಳಿ ಕಾಳು, ದಂಟಿನ ಸೊಪ್ಪಿನ ಬಸ್ಸಾರು. ಬುಧವಾರ ಮೊಟ್ಟೆ ಸಾರು, ಸೌತೆಕಾಯಿ ಕೋಸಂಬರಿ. ಗುರುವಾರ ತೊಗರಿಬೇಳೆ ಹಾಕಿದ ಮಸೊಪ್ಪು. ಶುಕ್ರವಾರ ನುಗ್ಗೆ ಸೊಪ್ಪಿನ ಪಲ್ಯ, ಬೇಳೆ ಸಾರು ಗಟ್ಟಿಯಾಗಿ. ಶನಿವಾರ ಫ್ರಿಜ್ಜಿನಲ್ಲಿ ಉಳಿದ ತರಕಾರಿಯೆಲ್ಲ ಹಾಕಿ ಹುಳಿ. ಹಬ್ಬ, ಊರ ಜಾತ್ರೆ, ಮದುವೆ ಬಂದಾಗ ಇದೆಲ್ಲ ತಲೆಕೆಳಗು. ಮಾರನೇ ದಿನ ಮತ್ತೆ ಶುರು.

ನೆನೆಹಾಕಲು ಮರೆತ ದಿನಕ್ಕೆ

ಮರೆತೇ ಮರೆಯುತ್ತೀರಿ, ನಾನೂ ಮರೆಯುತ್ತೇನೆ. ಆಗ ಟೊಮೆಟೊ ಸಾರಿಗೆ ಓಡಬೇಡಿ. ಹೆಸರು ಕಾಳನ್ನು ನೆನೆಸದೆಯೂ ಬೇಯಿಸಬಹುದು. ಬಾಣಲೆಯಲ್ಲಿ ಘಮ್ಮನೆ ವಾಸನೆ ಬರುವವರೆಗೆ ಹುರಿದು, ತೊಳೆದು, ಕುಕ್ಕರಿನಲ್ಲಿ ನಾಲ್ಕು ಸೀಟಿ. ಹುರುಳಿಯಾದರೆ ಕುದಿಯುವ ನೀರು ಸುರಿದು ಒಂದು ಗಂಟೆ ಮುಚ್ಚಿಟ್ಟು, ಆ ನೀರು ಚೆಲ್ಲಿ, ಏಳೆಂಟು ಸೀಟಿ ಕೂಗಿಸಿ. ಅದೂ ಆಗದಿದ್ದರೆ ಹುರಿಗಡಲೆ, ಕಡ್ಲೆಬೀಜ, ಬೆಳ್ಳುಳ್ಳಿ, ಹಸಿಮೆಣಸಿನಕಾಯಿ ರುಬ್ಬಿದ ಗಟ್ಟಿ ಚಟ್ನಿ, ಒಂದು ಬಟ್ಟಲು ಮೊಸರು, ಹೆಚ್ಚಿದ ಈರುಳ್ಳಿ ಸೌತೆಕಾಯಿ. ಹತ್ತು ನಿಮಿಷದ ಕೆಲಸ. ನಮ್ಮತ್ತೆಗೆ ಮುದ್ದೆ ಜೊತೆ ಇದೇ ಜಾಸ್ತಿ ಇಷ್ಟ. ಮೊನ್ನೆ ನಾನು ಕಾಳು ಮರೆತಿದ್ದನ್ನು ನೋಡಿಯೂ ಸುಮ್ಮನಿದ್ದರಂತೆ, ಚಟ್ನಿ ಸಿಗಲಿ ಅಂತ.